ಮೂರು ಗಾಲಿಗಳ ಬ್ರೇಕು: ಸಮತೋಲದ ಒಂದು ಪಾಠ

ಒಂದು ಜೋಡಿ ಎತ್ತು. ಅವುಗಳಲ್ಲಿ ಒಂದು ಹರೆಯದ್ದು, ಇನ್ನೊಂದು ಇಳಿವಯಸ್ಸಿನದು. ಇಂಥ ಜೋಡಿಯನ್ನು ಕುಂಟೆಗೆ ಹೂಡುವಾಗ ಅನುಭವಿಯಾದ ರೈತನು ಏನು ಮಾಡುತ್ತಾನೆಂಬುದನ್ನು ಗಮನಿಸಿದವರಿಗೆ ಈ ಲೇಖನದ ಅರ್ಧ ಭಾಗವು ಈಗಾಗಲೇ ತಿಳಿದಿರುವುದೆಂದು ಹೇಳಬಹುದು. ಅವನು ಮಿಣಿಯನ್ನು ನೊಗದ ನಟ್ಟನಡುವೆ ಕಟ್ಟುವುದಿಲ್ಲ. ಬಲವಾದ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿ ಕಟ್ಟುತ್ತಾನೆ. ಹಳೆಯ ಎತ್ತಿನ ಪಾಲಿಗೆ ನೊಗದ ತೋಳು ಉದ್ದವಾಗುತ್ತದೆ. ಎಳೆತದ ಭಾರ ಹಗುರವಾಗುತ್ತದೆ. ಎರಡು ಹೆಗಲುಗಳ ನಡುವಣ ಅಂತರವು 60 ಅಂಗುಲವಿದ್ದು, ಮಿಣಿಯು 3 ಅಂಗುಲ ಸರಿದರೆ ತೋಳುಗಳು 27 ಮತ್ತು 33 ಅಂಗುಲಗಳಾಗುವವು. ಆಗ 100 ಕಿಲೊ ಎಳೆತದಲ್ಲಿ ಹರೆಯದ ಎತ್ತಿಗೆ 55, ಹಳೆಯದಕ್ಕೆ 45 ಪಾಲು ಬರುವುದು. ಆರ್ಕಿಮಿಡೀಸನ ಸನ್ನೆಗೋಲಿನ ನಿಯಮವನ್ನು ಓದದವನೂ ಈ ಲೆಕ್ಕವನ್ನು ಎತ್ತಿನ ಹೆಜ್ಜೆ ನೋಡಿಯೇ ಮಾಡುತ್ತಾನೆ.

ಯುರೋಪಿನ ಪಂದ್ಯಗಳಲ್ಲಿ ಓಡುವ ಸೈಡ್‌ಕಾರ್ ಮೋಟಾರ್ ಸೈಕಲ್ಲಿನ ಬ್ರೇಕಿನ ಪೆಡಲ್ಲಿನಡಿಯಲ್ಲಿ ಇಂಥದೇ ಒಂದು ಪುಟ್ಟ ನೊಗವಿರುವುದೆಂದು ನಾನು ಬಹುಕಾಲ ಅರಿತಿರಲಿಲ್ಲ. ಅದನ್ನು ಅರಿಯುವಂತೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ; ಅದಕ್ಕೆ ಕಾರಣವಾದದ್ದು ಹಾಲಿನ ಕ್ಯಾನುಗಳು.

ಚಿಂಚಲಿಯ ಸುತ್ತಲಿನ ತೋಟದ ಮನೆಗಳಿಂದ ಹಾಲು ಸಂಗ್ರಹಿಸಿ ಡೈರಿಗೆ ಮುಟ್ಟಿಸುವ ಕೆಲಸ ಅವನದು. 1980ರ ದಶಕದ ಒಂದು ಬುಲೆಟ್ ಗಾಡಿಯನ್ನು ಕೊಂಡು, ಅದರ ಎಡಮಗ್ಗುಲಿಗೆ ಕಬ್ಬಿಣದ ಕೊಳವೆಗಳ ಚೌಕಟ್ಟನ್ನೂ ಒಂದು ಗಾಲಿಯನ್ನೂ ಜೋಡಿಸಿ, ಮೇಲೆ ಹಲಗೆ ಹಾಸಿ, 40 ಲೀಟರಿನ ಎರಡು ಕ್ಯಾನುಗಳನ್ನು ನಿಲ್ಲಿಸುವಂತೆ ಮಾಡಿಸಿಕೊಂಡಿದ್ದನು. ಬೆಸುಗೆಯ ಕೆಲಸವು ಗಟ್ಟಿಯಾಗಿಯೇ ಇತ್ತು. ಆದರೆ ಪಕ್ಕದ ಗಾಲಿಗೆ ಬ್ರೇಕು ಇರಲಿಲ್ಲ. ಒಂದು ಮುಂಜಾವು ಹಳ್ಳದ ಸೇತುವೆಗೆ ಇಳಿಯುವ ಇಳುಕಲಿನಲ್ಲಿ, ಕ್ಯಾನುಗಳು ತುಂಬಿದ್ದಾಗ, ಎಮ್ಮೆಯೊಂದು ಅಡ್ಡ ಬಂದಿತೆಂದು ಅವನು ಜೋರಾಗಿ ಬ್ರೇಕು ಹಿಡಿದನು. ಗಾಡಿಯು ನಿಲ್ಲುವ ಬದಲು ಬಲಕ್ಕೆ ಹೊರಳಿ, ಎದುರಿನಿಂದ ಬರುತ್ತಿದ್ದ ಬಸ್ಸಿನ ದಾರಿಗೆ ನುಗ್ಗಿತು. ಬಸ್ಸಿನ ಚಾಲಕನು ಎಚ್ಚರದಲ್ಲಿದ್ದುದರಿಂದ ಹುಡುಗನು ಉಳಿದನು. ಹಾಲು ಮಾತ್ರ ಹಳ್ಳದ ಪಾಲಾಯಿತು.

ಸಂಜೆ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಗೆ ಬಂದು ಕುಳಿತ ಅವನು ಕೇಳಿದ ಪ್ರಶ್ನೆ ಇದು: “ಗುರುಗಳ, ಬ್ರೇಕ ಎಡಗಾಲಿಲೆ ತುಳದೇನ್ರಿ, ಬಲಗೈಲೆ ಹಿಡದೇನ್ರಿ. ಹ್ಯಾಂಡಲ್ಲೂ ನೆಟ್ಟಗ ಇತ್ತು. ಗಾಡಿ ಬಲಕ್ಕ ಯಾಕ ಹೊಳ್ಳಬೇಕ್ರಿ?”

ನಾನು ಇಪ್ಪತ್ತೈದು ವರುಷ ಜಡತ್ವದ ನಿಯಮವನ್ನು ಫಲಕದ ಮೇಲೆ ಬರೆದವನು. ಆದರೂ ಆ ಕ್ಷಣ ಥಟ್ಟನೆ ಉತ್ತರ ಹೊಳೆಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. “ನಾಳೆ ಬಾರಪಾ” ಎಂದು ಕಳಿಸಿ, ರಾತ್ರಿ ಕಾಗದ ಹಿಡಿದು ಕುಳಿತೆನು.

ಉತ್ತರವೇನೋ ಸರಳವಾದುದು. ಗಾಡಿಯನ್ನು ಮೇಲಿನಿಂದ ನೋಡಿದಂತೆ ಚಿತ್ರಿಸಿಕೊಳ್ಳೋಣ. ಮೋಟಾರ್ ಸೈಕಲ್ಲಿನ ಮುಂದಿನ ಮತ್ತು ಹಿಂದಿನ ಗಾಲಿಗಳು ಬಲಗಡೆ ಒಂದೇ ಸಾಲಿನಲ್ಲಿವೆ. ಪಕ್ಕದ ಗಾಲಿಯು ಎಡಗಡೆ ಒಂಟಿಯಾಗಿದೆ. ಒಟ್ಟು ಭಾರದ ಗುರುತ್ವಕೇಂದ್ರವು ಇವೆರಡರ ನಡುವೆ, ಎಂದರೆ ಮೋಟಾರ್ ಸೈಕಲ್ಲಿನ ಸಾಲಿಗಿಂತ ತುಸು ಎಡಕ್ಕೆ ಬಿದ್ದಿದೆ. ಬ್ರೇಕು ಹಿಡಿದಾಗ ಭಾರವು ಆ ಕೇಂದ್ರದಲ್ಲಿ ಮುಂದಕ್ಕೆ ನೂಕುವುದು. ತಡೆಯಾದರೋ ಬಲಗಡೆಯ ಸಾಲಿನಲ್ಲಿ ಮಾತ್ರ ಹಿಂದಕ್ಕೆ ಎಳೆಯುವುದು. ಎಡಗಡೆ ಮುಂದಕ್ಕೆ ನೂಕು, ಬಲಗಡೆ ಹಿಂದಕ್ಕೆ ಎಳೆತ: ಇವೆರಡೂ ಸೇರಿ ಗಾಡಿಯನ್ನು ಬಲಕ್ಕೆ ತಿರುವುವುವು. ಜೋಡೆತ್ತಿನಲ್ಲಿ ಬಲದ ಎತ್ತು ನಿಂತು ಎಡದ್ದು ನಡೆದರೆ ಚಕ್ಕಡಿ ಯಾವ ಕಡೆಗೆ ಹೊರಳುವುದೋ ಇದೂ ಅತ್ತಲೇ. ಎಡಬದಿಯ ಸಂಚಾರವಿರುವ ನಮ್ಮ ದೇಶದಲ್ಲಿ ತೊಟ್ಟಿಲನ್ನು ಎಡಕ್ಕೆ ಕಟ್ಟುವುದು ರೂಢಿ. ಆದುದರಿಂದ ಈ ಹೊರಳು ಯಾವಾಗಲೂ ಎದುರು ಬರುವ ವಾಹನಗಳ ಕಡೆಗೇ. ಇದಕ್ಕೆ ವಿರುದ್ಧವಾಗಿ, ಪಕ್ಕದ ಗಾಲಿಗೆ ಅತಿಯಾಗಿ ಬ್ರೇಕು ಹಾಕಿದರೆ ಗಾಡಿಯು ಎಡಕ್ಕೆ, ರಸ್ತೆಯ ಅಂಚಿಗೆ ಜಗ್ಗುವುದು.

ಹಾಗಾದರೆ ಪಕ್ಕದ ಗಾಲಿಗೆ ಎಷ್ಟು ಬ್ರೇಕು ಬೇಕು? ಮೂರೂ ಗಾಲಿಗಳ ತಡೆಯನ್ನು ಕೂಡಿಸಿದರೆ ಬರುವ ಒಟ್ಟು ಬಲದ ರೇಖೆಯು ಗುರುತ್ವಕೇಂದ್ರದ ನೇರಕ್ಕೆ ಹಾಯುವಷ್ಟು. ಈ ಮಾತನ್ನು ಸಮೀಕರಣವಾಗಿ ಬರೆದು ಬಿಡಿಸಿದಾಗ ದೊರೆತ ಫಲವು ಎಷ್ಟು ಸುಲಭವಾಗಿತ್ತೆಂದರೆ, ಎಲ್ಲಿಯೋ ತಪ್ಪಿದ್ದೇನೆಂದು ಎರಡು ಸಲ ಬಿಡಿಸಿ ನೋಡಿದೆನು. ಒಟ್ಟು ಭಾರದಲ್ಲಿ ಪಕ್ಕದ ಗಾಲಿಯು ಎಷ್ಟು ಪಾಲನ್ನು ಹೊತ್ತಿರುವುದೋ, ಒಟ್ಟು ಬ್ರೇಕಿನಲ್ಲಿಯೂ ಅದಕ್ಕೆ ಅಷ್ಟೇ ಪಾಲು ಸಲ್ಲತಕ್ಕದ್ದು. ಗಾಡಿಯ ಅಗಲ, ಕೇಂದ್ರದ ದೂರ ಮುಂತಾದವು ಲೆಕ್ಕದಿಂದ ತಾವಾಗಿಯೇ ಬಿದ್ದುಹೋಗುತ್ತವೆ. ಬೇಕಾದದ್ದು ಒಂದು ತೂಕದ ಕಾಟಾ ಮಾತ್ರ.

ಮರುದಿನ ಬೆಲ್ಲದ ವ್ಯಾಪಾರಿಯೊಬ್ಬರ ಅಂಗಡಿಯ ಕಾಟಾದ ಮೇಲೆ ಗಾಲಿಗಳನ್ನು ಒಂದೊಂದಾಗಿ ಏರಿಸಿ ತೂಗಿದೆವು. ಒಂದು ಗಾಲಿ ಕಾಟಾದ ಮೇಲಿರುವಾಗ ಉಳಿದೆರಡು ಗಾಲಿಗಳಿಗೆ ಅಷ್ಟೇ ಎತ್ತರದ ಹಲಗೆ ಕೊಡಬೇಕು. ಇಲ್ಲವಾದರೆ ಗಾಡಿ ವಾಲಿ ತೂಕ ಸುಳ್ಳಾಗುವುದು. ಸವಾರನು ತನ್ನ ಸ್ಥಾನದಲ್ಲಿ ಕುಳಿತಿರಬೇಕು. ಕ್ಯಾನುಗಳಿಲ್ಲದಾಗ ಮುಂದಿನ ಗಾಲಿಗೆ 105, ಹಿಂದಿನದಕ್ಕೆ 155, ಪಕ್ಕದ್ದಕ್ಕೆ 60, ಒಟ್ಟು 320 ಕಿಲೊ. ಎರಡು ಕ್ಯಾನುಗಳಲ್ಲಿ ನೀರು ತುಂಬಿದಾಗ ಅನುಕ್ರಮವಾಗಿ 110, 180, 130, ಒಟ್ಟು 420. (ಹಾಲಿಗೆ ಬದಲು ನೀರೇಕೆಂದು ಕೇಳುವ ವಾಚಕರು ಹಳ್ಳದ ಪಾಲಾದ ಹಾಲನ್ನು ನೆನೆಯಬೇಕು.) ಎಂದರೆ ಬರಿದಾದ ಗಾಡಿಯಲ್ಲಿ ಪಕ್ಕದ ಗಾಲಿಯ ಪಾಲು ನೂರಕ್ಕೆ 19, ತುಂಬಿದ ಗಾಡಿಯಲ್ಲಿ 31. ಒಂದೇ ಗಾಡಿಗೆ ಎರಡು ಬೇರೆ ಬೇರೆ ಉತ್ತರಗಳು. ಬ್ರೇಕನ್ನು ಗಾಡಿಗೆ ತಕ್ಕಂತೆ ಹೊಂದಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಹೊಂದಿಸಬೇಕಾದದ್ದು ಗಾಡಿಗಲ್ಲ, ಅದು ಆ ಹೊತ್ತಿನಲ್ಲಿ ಹೊತ್ತಿರುವ ಭಾರಕ್ಕೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಧ್ಯಾಪಕ ಮಿತ್ರರು ಇದನ್ನು ತರಗತಿಯಲ್ಲಿ ಪ್ರಶ್ನೆಯಾಗಿಯೇ ಕೊಡಬಹುದು. ಬ್ರೇಕು ಹಿಡಿದಾಗ ಯಾವ ವಾಹನವಾದರೂ ಮುಗ್ಗರಿಸುವುದಷ್ಟೆ. ಹಿಂದಿನ ಗಾಲಿಯ ಭಾರ ಕಡಿಮೆಯಾಗಿ ಮುಂದಿನ ಗಾಲಿಗೆ ಬೀಳುವುದು. ನಮ್ಮ ತುಂಬಿದ ಗಾಡಿಯ ಗುರುತ್ವಕೇಂದ್ರವು ನೆಲದಿಂದ 0.6 ಮೀಟರ್ ಎತ್ತರದಲ್ಲಿಯೂ, ಮುಂದಿನ ಹಿಂದಿನ ಗಾಲಿಗಳ ಅಂತರವು 1.4 ಮೀಟರ್ ಆಗಿಯೂ ಇರುವುದೆಂದು ಹಿಡಿಯೋಣ. ಸೆಕೆಂಡಿಗೆ ಸುಮಾರು 5 ಮೀಟರಿನಂತೆ ವೇಗವಿಳಿಯುವ ಹಾಗೆ, ಎಂದರೆ ಗುರುತ್ವದ ಅರ್ಧದಷ್ಟು ತಡೆಯೊಡ್ಡಿದರೆ 90 ಕಿಲೊ ಭಾರವು ಹಿಂದಿನಿಂದ ಮುಂದಕ್ಕೆ ಹೋಗುವುದು. ಮುಂದಿನ ಗಾಲಿಗೆ 110 ಹೋಗಿ 200 ಆಗುವುದು. ಹಿಂದಿನದಕ್ಕೆ 180 ಹೋಗಿ 90 ಉಳಿಯುವುದು. ಪಕ್ಕದ ಗಾಲಿಗೆ? ಅದೇ 130. ನೇರವಾಗಿ ಓಡುವಾಗ ಎಷ್ಟೇ ಜೋರಾಗಿ ಬ್ರೇಕು ಹಿಡಿದರೂ ಪಕ್ಕದ ಗಾಲಿಯ ಭಾರವು ಬದಲಾಗುವುದಿಲ್ಲ. ಏಕೆಂದರೆ ಮುಂದಿನ ಹಿಂದಿನ ಗಾಲಿಗಳೆರಡೂ ಒಂದೇ ಸಾಲಿನಲ್ಲಿವೆ. ಮುಂದಕ್ಕೆ ನೂಕುವ ಬಲವು ಆ ಸಾಲಿಗೆ ಸಮಾಂತರವಾಗಿದ್ದು, ಆ ಸಾಲಿನ ಸುತ್ತ ಗಾಡಿಯನ್ನು ಹೊರಳಿಸಲಾರದು. ಆದುದರಿಂದ ಹೊಂದಾಣಿಕೆಗಳು ಎರಡು, ಮತ್ತು ಅವು ಬೇರೆ ಬೇರೆ ಜಾತಿಯವು. ಎಡಬಲದ ಹೊಂದಾಣಿಕೆಯು ಹೇರಿದ ಭಾರವನ್ನು ಅವಲಂಬಿಸಿದೆ. ಮುಂದುಹಿಂದಿನ ಹೊಂದಾಣಿಕೆಯು ಬ್ರೇಕಿನ ಬಿರುಸನ್ನೂ ರಸ್ತೆಯ ಹಿಡಿತವನ್ನೂ ಅವಲಂಬಿಸಿದೆ. ಮಳೆಯಲ್ಲಿ ಬಿರುಸಾಗಿ ಹಿಡಿಯಲಾಗದು. ಭಾರ ಮುಂದಕ್ಕೆ ಬೀಳುವುದೂ ಕಡಿಮೆ. ಆಗ ಮುಂದಿನ ಗಾಲಿಯ ಪಾಲನ್ನು ತಗ್ಗಿಸಬೇಕಾಗುವುದು. ಈ ಎರಡನ್ನು ಬೆರೆಸಿಕೊಂಡು ಪಾನಾ ತಿರುಗಿಸುತ್ತ ಕುಳಿತವನಿಗೆ ದಿನವಿಡೀ ಕಳೆದರೂ ಗಾಡಿ ನೆಟ್ಟಗೆ ನಿಲ್ಲದು.

ಸೈಡ್‌ಕಾರ್ ಎಂದೊಡನೆ ನಮ್ಮಲ್ಲನೇಕರಿಗೆ ನೆನಪಾಗುವುದು 1975ರ ‘ಶೋಲೆ’ ಚಿತ್ರ. ರಾಮನಗರದ ಬಂಡೆಗಳ ನಡುವೆ ಬಹುಭಾಗ ಚಿತ್ರಿತವಾದ ಆ ಚಿತ್ರದಲ್ಲಿ ಗೆಳೆಯರಿಬ್ಬರು ಹಾಡುತ್ತ ಹೋಗುವ ಗಾಡಿ ಅದೇ. ಆದರೆ ಈ ವಾಹನದ ವಿಜ್ಞಾನವು ನಿಜವಾಗಿ ಬೆಳೆದದ್ದು ಪಂದ್ಯದ ಮೈದಾನಗಳಲ್ಲಿ. ಬ್ರಿಟನ್ನಿನ ಬಳಿಯ ಮ್ಯಾನ್ ದ್ವೀಪದಲ್ಲಿ 1923ರಲ್ಲಿ ಮೊದಲ ಸೈಡ್‌ಕಾರ್ ಟಿ.ಟಿ. ಪಂದ್ಯವನ್ನು ಗೆದ್ದ ಫ್ರೆಡ್ಡಿ ಡಿಕ್ಸನ್ನನ ಡಗ್ಲಸ್ ಗಾಡಿಯಲ್ಲಿ, ತಿರುವಿಗೆ ತಕ್ಕಂತೆ ಗಾಡಿಯನ್ನು ವಾಲಿಸುವ ಸನ್ನೆಯನ್ನು ಜೊತೆಗಾರನ ಕೈಗೆ ಕೊಡಲಾಗಿತ್ತು. 1949ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದಾಗ ಮೊದಲ ವಿಜೇತನಾದವನು ನಾರ್ಟನ್ ಏರಿದ ಎರಿಕ್ ಆಲಿವರ್. ಅವನ ಜೊತೆಗಾರ ಡೆನಿಸ್ ಜೆಂಕಿನ್ಸನ್. ಈ ಜೆಂಕಿನ್ಸನ್ನನೇ ಮುಂದೆ 1955ರ ಮಿಲ್ಲೆ ಮಿಲಿಯಾ ಕಾರು ಪಂದ್ಯದಲ್ಲಿ ಸ್ಟರ್ಲಿಂಗ್ ಮಾಸ್‌ನ ಪಕ್ಕದಲ್ಲಿ ಕುಳಿತು ದಾರಿ ತೋರಿ ಗೆಲ್ಲಿಸಿದನು. 1954ರಿಂದ 1974ರವರೆಗಿನ 21 ವರ್ಷಗಳಲ್ಲಿ 19 ಸಲ ವಿಶ್ವವಿಜೇತರ ಗಾಡಿಯಲ್ಲಿ ಇದ್ದದ್ದು ಬಿ.ಎಂ.ಡಬ್ಲ್ಯು. ಎಂಜಿನ್ನು.

ಈಗಿನ ಪಂದ್ಯದ ಗಾಡಿಗೆ ಮೋಟಾರ್ ಸೈಕಲ್ಲಿನ ರೂಪವೇ ಉಳಿದಿಲ್ಲ. ನೆಲಕ್ಕಂಟಿದಂತಹ ಚೌಕಟ್ಟು, ಕಾರಿನಂತಹ ಅಗಲವಾದ ಸಣ್ಣ ಟೈರುಗಳು, ಮೊಣಕಾಲೂರಿ ಬೋರಲಾಗಿ ಮಲಗಿದ ಸವಾರ. ಜೊತೆಗಾರನಿಗೆ ಆಸನವಿಲ್ಲ, ತಿರುವು ಬಂದಂತೆಲ್ಲ ಅವನು ಸ್ಥಳ ಬದಲಿಸುತ್ತಿರುವನು. ಎಡಕ್ಕೆ ಸೈಡ್‌ಕಾರ್ ಇರುವ ಗಾಡಿಯು ಎಡಕ್ಕೆ ತಿರುಗುವಾಗ, ಪಕ್ಕದ ಗಾಲಿಯು ನೆಲ ಬಿಟ್ಟೇಳದಂತೆ ಅವನು ಎಡಕ್ಕೆ ಹೊರಚಾಚಿ ನೆಲ ಸವರುವಂತೆ ತೂಗುತ್ತಾನೆ. ಬಲಕ್ಕೆ ತಿರುಗುವಾಗ ಸವಾರನ ಹಿಂದೆ, ಹಿಂದಿನ ಗಾಲಿಯ ಮೇಲೆ ಬಂದು ಒರಗುತ್ತಾನೆ. 65 ಕಿಲೊ ತೂಗುವ ಮನುಷ್ಯನು 1.1 ಮೀಟರ್ ಅಗಲದ ಗಾಡಿಯಲ್ಲಿ 0.9 ಮೀಟರಿನಷ್ಟು ಅಡ್ಡಕ್ಕೆ ಸರಿದರೆ ಪಕ್ಕದ ಗಾಲಿಯ ಮೇಲಿನ ಭಾರದಲ್ಲಿ 53 ಕಿಲೊ ವ್ಯತ್ಯಾಸವಾಗುವುದು. ನಮ್ಮ ಒಂದು ಹಾಲಿನ ಕ್ಯಾನಿನಷ್ಟು ಭಾರ, ಕ್ಷಣಾರ್ಧದಲ್ಲಿ! ಇಷ್ಟನ್ನೂ ಬೆನ್ನಟ್ಟುವಂತೆ ಬ್ರೇಕನ್ನು ಹೊಂದಿಸುವುದು ಅಸಾಧ್ಯ. ಆದುದರಿಂದ ತಿರುವಿಗೆ ಮುಂಚಿನ ನೇರ ದಾರಿಯಲ್ಲಿ, ಜೊತೆಗಾರನು ಒಳಗೆ ಮುದುಡಿ ಕುಳಿತಿರುವ ಭಂಗಿಗೆ ತಕ್ಕಂತೆ ಬ್ರೇಕಿನ ಪಾಲನ್ನು ನಿಶ್ಚಯಿಸುವುದು ಯುಕ್ತ. ಬಿರುಸಿನ ಬ್ರೇಕೆಲ್ಲ ಬೀಳುವುದು ಅಲ್ಲಿಯೇ.

ಇನ್ನು ಆ ಪುಟ್ಟ ನೊಗದ ವಿಚಾರ. ಪಂದ್ಯದ ಗಾಡಿಯಲ್ಲಿ ಮೂರೂ ಗಾಲಿಗಳ ಬ್ರೇಕನ್ನು ಒಂದೇ ಪೆಡಲ್ಲಿಗೆ ಜೋಡಿಸುವುದುಂಟು. ಪೆಡಲ್ಲು ಎರಡು ಮಾಸ್ಟರ್ ಸಿಲಿಂಡರುಗಳನ್ನು ಒತ್ತುವುದು. ಒಂದರ ಎಣ್ಣೆಯು ಮುಂದಿನ ಗಾಲಿಗೆ, ಇನ್ನೊಂದರದು ಉಳಿದ ಗಾಲಿಗಳಿಗೆ ಎಂಬುದು ಒಂದು ಕ್ರಮ. ತಯಾರಕರ ಮನೋಧರ್ಮದಂತೆ ಬೇರೆ ಜೋಡಣೆಗಳೂ ಇವೆ. ಪೆಡಲ್ಲಿಗೂ ಸಿಲಿಂಡರುಗಳಿಗೂ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಸರಳಿದೆ. ಅದರ ಎರಡು ತುದಿಗಳಿಗೆ ಎರಡು ಸಿಲಿಂಡರುಗಳ ಒತ್ತುಕಡ್ಡಿಗಳು. ನಡುವೆ ಪೆಡಲ್ಲಿನ ಬಲವನ್ನು ಪಡೆಯುವ ಒಂದು ಗುಂಡನೆಯ ಬೇರಿಂಗು. ಸರಳಿಗೆ ಮರೆ ಕೊರೆದಿರುವುದರಿಂದ, ಅದನ್ನು ತಿರುಗಿಸಿದಂತೆ ಬೇರಿಂಗು ಅತ್ತಿತ್ತ ಸರಿಯುವುದು. ಒತ್ತುಕಡ್ಡಿಗಳ ಅಂತರ 60 ಮಿಲಿಮೀಟರ್ ಇದ್ದು ಬೇರಿಂಗು ಮುಂದಿನ ಗಾಲಿಯ ಕಡ್ಡಿಯತ್ತ 3 ಮಿಲಿಮೀಟರ್ ಸರಿದರೆ ತೋಳುಗಳು 27 ಮತ್ತು 33. ಕಾಲಿನ ಒತ್ತು 50 ಕಿಲೊ, ಪೆಡಲ್ಲಿನ ಸನ್ನೆ ನಾಲ್ಕು ಪಟ್ಟು ಎಂದಾದರೆ ಸರಳಿಗೆ ಬರುವ 200 ಕಿಲೊದಲ್ಲಿ ಮುಂದಿನ ಸಿಲಿಂಡರಿಗೆ 110, ಇನ್ನೊಂದಕ್ಕೆ 90. ಅಂಗುಲಕ್ಕೆ ಬದಲು ಮಿಲಿಮೀಟರ್. ಎತ್ತುಗಳಿಗೆ ಬದಲು ಸಿಲಿಂಡರು. ಉಳಿದಂತೆ ಅದು ನಮ್ಮ ರೈತನ ನೊಗವೇ. ಈ ಚಿತ್ರವನ್ನು ಮೊದಲ ಸಲ ನೋಡಿದಾಗ ನಾನು ಒಬ್ಬನೇ ನಕ್ಕದ್ದುಂಟು.

ಆ ಸರಳಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ಕಾಲು ಎತ್ತಿದ್ದಾಗ ಸರಳು ಪೆಡಲ್ಲಿಗೆ ಕಾಟಕೋನದಲ್ಲಿ ಇರುವಂತೆ ಕಡ್ಡಿಗಳನ್ನು ಹೊಂದಿಸಿ ತೃಪ್ತರಾಗುವರು. ಎರಡು ಸಿಲಿಂಡರುಗಳ ಎಣ್ಣೆಯ ಓಟ ಒಂದೇ ಆಗಿರುವುದಿಲ್ಲವಾದುದರಿಂದ ಪೆಡಲ್ ತುಳಿದಾಗ ಅದು ಓರೆಯಾಗುವುದು. ಅತಿ ಓರೆಯಾದರೆ ಸಿಕ್ಕಿಕೊಂಡು ಪಾಲು ತಪ್ಪುವುದು. ಸರಳು ನೇರವಾಗಿರಬೇಕಾದದ್ದು ಬ್ರೇಕು ಪೂರ್ತಿ ಬಿಗಿದಾಗ. ಬಿಡುವಿನಲ್ಲಿ ತುಸು ಓರೆಯಿದ್ದರೆ ಬಾಧಕವಿಲ್ಲ.

ನಮ್ಮ ಹುಡುಗನ ಗಾಡಿಗೆ ಎಣ್ಣೆಯ ಬ್ರೇಕಿನ ವೈಭವವಿರಲಿಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಎಂದರೆ ಪೆಡಲ್ಲು ಪಕ್ಕದ ಗಾಲಿಯ ಕಡೆಗೇ ಇದೆ. ಇದು ಅನುಕೂಲವಾಯಿತು. ಹಿಂದಿನ ಗಾಲಿಯಲ್ಲಿದ್ದಂಥದೇ ಡ್ರಮ್ಮನ್ನು ಗುಜರಿಯಿಂದ ತಂದು ಪಕ್ಕದ ಗಾಲಿಗೆ ಕೂಡಿಸಿದೆವು. ಪೆಡಲ್ಲಿನ ಹಿಂದೆ ತುದಿಯಿಂದ ತುದಿಗೆ 100 ಮಿಲಿಮೀಟರ್ ಉದ್ದದ ಉಕ್ಕಿನ ಪಟ್ಟಿ; ಅದರ ಒಂದು ತುದಿಗೆ ಹಿಂದಿನ ಬ್ರೇಕಿನ ಸರಳು, ಇನ್ನೊಂದಕ್ಕೆ ಪಕ್ಕದ ಗಾಲಿಯ ಕೇಬಲ್ಲು. ಪೆಡಲ್ಲಿನಿಂದ ಬರುವ ಕೊಂಡಿಯನ್ನು ಪಿನ್ನಿನಿಂದ ಸಿಕ್ಕಿಸಲು ಎರಡು ತೂತುಗಳು. ಒಂದು ನಟ್ಟನಡುವೆ, ಇದು ತುಂಬಿದ ಗಾಡಿಗೆ. ಇನ್ನೊಂದು ಹಿಂದಿನ ಬ್ರೇಕಿನ ತುದಿಯಿಂದ 35 ಮಿಲಿಮೀಟರ್ ದೂರಕ್ಕೆ. ಇದು ಬರಿದಾದ ಗಾಡಿಗೆ. ಲೆಕ್ಕ ಹೀಗೆ: ತುಂಬಿದಾಗ ಕೈಬ್ರೇಕು ಒಟ್ಟು ತಡೆಯ ನೂರಕ್ಕೆ 40ನ್ನು ಮುಂದಿನ ಗಾಲಿಗೆ ಕೊಟ್ಟರೆ, ಕಾಲಿನ 60 ಸಮನಾಗಿ ಹಂಚಿ ಪಕ್ಕದ ಗಾಲಿಗೆ 30 ಬರುವುದು, ಬೇಕಾದದ್ದು 31. ಬರಿದಾದಾಗ ಕೈಬ್ರೇಕು 45 ಕೊಟ್ಟರೆ ಕಾಲಿನ 55ರಲ್ಲಿ ನೂರಕ್ಕೆ 35ರಂತೆ ಪಕ್ಕದ ಗಾಲಿಗೆ 19, ಬೇಕಾದದ್ದೂ 19. ಕೈ ಮತ್ತು ಕಾಲು ಎರಡನ್ನೂ ಕೂಡಿಯೇ ಬಳಸಬೇಕೆಂಬುದು ಇದರ ಕರಾರು. ಬರಿಯ ಕೈ ಹಿಡಿದರೆ ಗಾಡಿ ಬಲಕ್ಕೆ, ಬರಿಯ ಕಾಲು ತುಳಿದರೆ ಎಡಕ್ಕೆ. ಪಂದ್ಯದವರು ಮೂರನ್ನೂ ಒಂದೇ ಪೆಡಲ್ಲಿಗೆ ಕಟ್ಟುವುದರ ಲಾಭ ಇಲ್ಲಿದೆ.

ಪರೀಕ್ಷೆಗೆ ನಾವು ಆರಿಸಿದ್ದು ಮಾಯಕ್ಕನ ಜಾತ್ರೆಯ ಬಯಲನ್ನು. ಭಾರತ ಹುಣ್ಣಿಮೆಯ ಕಾಲಕ್ಕೆ ಮಹಾರಾಷ್ಟ್ರದಿಂದಲೂ ಬರುವ ಚಕ್ಕಡಿಗಳಿಂದ ಕಿಕ್ಕಿರಿಯುವ ನೆಲವು ಉಳಿದ ದಿನಗಳಲ್ಲಿ ಬರಿದಾಗಿ ಬಿದ್ದಿರುತ್ತದೆ. ಮೊದಲು ಟೈರುಗಳ ಗಾಳಿ ನೋಡಿದೆವು. ಪಕ್ಕದ ಗಾಲಿಯು ಮೋಟಾರ್ ಸೈಕಲ್ಲಿನ ಸಾಲಿಗೆ ಹೋಲಿಸಿದರೆ ಮುಂದಕ್ಕೆ ಕೆಲವೇ ಮಿಲಿಮೀಟರುಗಳಷ್ಟು ಒಳಮುಖವಾಗಿರುವುದನ್ನು ಹಲಗೆಯಿಟ್ಟು ಅಳೆದೆವು. ಇದು ತಪ್ಪಿದ್ದರೆ ಬ್ರೇಕು ಹಿಡಿಯದಿರುವಾಗಲೂ ಗಾಡಿ ಒಂದು ಕಡೆಗೆ ಜಗ್ಗುವುದು. ಆ ದೋಷವನ್ನು ಬ್ರೇಕಿನಿಂದ ತಿದ್ದಹೊರಡುವುದು ಹಲ್ಲುನೋವಿಗೆ ಕಿವಿಗೆ ಎಣ್ಣೆ ಬಿಟ್ಟಂತೆ. ಬಳಿಕ ಗಾಲಿಗಳನ್ನು ನೆಲದಿಂದೆತ್ತಿ, ಪೆಡಲ್ಲನ್ನು ಮೆಲ್ಲಗೆ ಒತ್ತಿಸಿ, ಯಾವ ಗಾಲಿ ಮೊದಲು ಬಿಗಿಯುವುದೆಂದು ಕೈಯಿಂದ ತಿರುಗಿಸಿ ನೋಡಿದೆವು. ಕೇಬಲ್ಲಿನ ಸಡಿಲವನ್ನು ತೆಗೆದು ಎರಡೂ ಒಟ್ಟಿಗೆ ಬಿಗಿಯುವಂತೆ ಮಾಡಿದ ಮೇಲೆಯೇ ಓಟ.

ನೀರು ತುಂಬಿದ ಕ್ಯಾನುಗಳೊಡನೆ, ಗಂಟೆಗೆ 20 ಕಿಲೊಮೀಟರ್ ವೇಗದಿಂದ ತೊಡಗಿದೆವು. ಹ್ಯಾಂಡಲ್ಲನ್ನು ಬಿಗಿಹಿಡಿಯದೆ ಬೆರಳುಗಳಲ್ಲಿ ಆನಿಸಿಕೊಂಡಿರಬೇಕೆಂದು ಹುಡುಗನಿಗೆ ಹೇಳಿದ್ದೆನು. ಬಿಗಿಹಿಡಿದ ತೋಳುಗಳು ಗಾಡಿಯ ದೋಷವನ್ನು ಮುಚ್ಚಿಡುತ್ತವೆ. ಮೊದಲ ಸಲ ತುಸು ಬಲಕ್ಕೆ ಎಳೆಯಿತು. ಪಕ್ಕದ ಕೇಬಲ್ಲಿನ ನಟ್ಟನ್ನು ಅರ್ಧ ಸುತ್ತು ಬಿಗಿದೆವು. ಮತ್ತೆ ಓಟ, ಮತ್ತೆ ಅರ್ಧ ಸುತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದೂ ವಹಿಯಲ್ಲಿ ದಾಖಲು. ಮಣ್ಣಿನಲ್ಲಿ ಮೂಡಿದ ಗೀರುಗಳು ಯಾವ ಗಾಲಿ ಸೆಟೆದು ಜಾರಿತೆಂಬುದನ್ನು ನಮಗೆ ಹೇಳುತ್ತಿದ್ದವು. ಹಿಂದಿನ ಗಾಲಿ ಎಲ್ಲಕ್ಕಿಂತ ಮೊದಲು ಸೆಟೆದರೆ ಗಾಡಿಯ ಬಾಲ ಮುಂದಕ್ಕೆ ಬರಲು ಹವಣಿಸುವುದು, ಇದು ಕೆಟ್ಟದ್ದು. ಮುಂದಿನ ಗಾಲಿ ಮೊದಲು ಸೆಟೆದರೆ ತಿರುಗಿಸುವ ಶಕ್ತಿ ಹೋಗುವುದಾದರೂ ಗಾಡಿ ಸುತ್ತು ಹೊಡೆಯದು. ಎರಡು ಕೇಡುಗಳಲ್ಲಿ ಎರಡನೆಯದನ್ನೇ ಆರಿಸಿಕೊಳ್ಳಬೇಕು. ಹದಿಮೂರನೆಯ ಓಟದಲ್ಲಿ, 40 ಕಿಲೊಮೀಟರ್ ವೇಗದಿಂದ, ಗಾಡಿಯು ದಾರ ಹಿಡಿದಂತೆ ನೆಟ್ಟಗೆ ನಿಂತಿತು. ಕ್ಯಾನಿನ ನೀರು ಮಾತ್ರ ಬಾಯಿ ದಾಟಿ ನನ್ನ ವಹಿಯನ್ನು ತೋಯಿಸಿತು.

ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾಗದು. ವಾಹನದ ರಚನೆಯಲ್ಲಿ ಬದಲಾವಣೆ ಮಾಡುವುದಕ್ಕೆ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನಿರ್ಬಂಧಗಳಿವೆ. ಸಾರಿಗೆ ಕಚೇರಿಯ ಒಪ್ಪಿಗೆಯಿಲ್ಲದೆ ಪಕ್ಕದ ತೊಟ್ಟಿಲು ಕಟ್ಟಿ ರಸ್ತೆಗಿಳಿಯಬಾರದು. ಹುಡುಗನು ಮೊದಲು ಈ ಕೆಲಸ ಮಾಡದೆ ಬೆಸುಗೆಯವನ ಬಳಿಗೆ ಹೋದದ್ದು ತಪ್ಪು. ಆ ಮಾತನ್ನು ಅವನ ಮುಖದೆದುರಿಗೇ ಹೇಳಿದ್ದೇನೆ. ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ಕಾಗದ ಕೈಸೇರುವವರೆಗೆ ಹಾಲನ್ನು ಬಾಡಿಗೆಯ ಟೆಂಪೊದಲ್ಲಿ ಕಳಿಸುವಂತೆಯೂ ಮಾಡಿದೆನು.

ಸೈಡ್‌ಕಾರ್ ನಮ್ಮ ಸೀಮೆಯಲ್ಲಿ ಎಷ್ಟಿವೆ, ಇದೇನು ದೊಡ್ಡ ಮಾತು ಎಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಟ್ರ್ಯಾಕ್ಟರುಗಳನ್ನು ನೋಡಿರಿ. ಕಬ್ಬಿನ ಹಂಗಾಮು ತೊಡಗಿತೆಂದರೆ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿಯ ರಸ್ತೆಗಳಲ್ಲಿ ಒಂದರ ಹಿಂದೊಂದು ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳ ಸಾಲು ಉಗಾರದಂತಹ ಕಾರ್ಖಾನೆಗಳ ಕಡೆಗೆ ಹಗಲಿರುಳು ಸಾಗುವುದು. ಟ್ರ್ಯಾಕ್ಟರಿಗೆ ಎರಡು ಬ್ರೇಕು ಪೆಡಲ್ಲುಗಳಿರುವುದೇಕೆಂದು ನಮ್ಮ ಹತ್ತನೆಯ ತರಗತಿಯ ಮಕ್ಕಳಲ್ಲಿ ಅರ್ಧ ಜನ ಬಲ್ಲರು: ಹೊಲದ ಬದುವಿನಲ್ಲಿ ಒಂದೇ ಹಿಂದಿನ ಗಾಲಿಯನ್ನು ಹಿಡಿದು ಗಕ್ಕನೆ ತಿರುಗಿಸಲು. ಆದರೆ ರಸ್ತೆಗೆ ಬಂದ ಮೇಲೆ ಆ ಎರಡನ್ನೂ ಕೂಡಿಸುವ ಚಿಲಕವನ್ನು ಹಾಕಲೇಬೇಕು. ಹಾಕದಿದ್ದರೆ ಅವಸರದಲ್ಲಿ ಕಾಲು ಒಂದರ ಮೇಲೆಯೇ ಬಿದ್ದು, ನಮ್ಮ ಬುಲೆಟ್ಟಿಗೆ ಆದದ್ದೇ ಅಲ್ಲಿಯೂ ಆಗುವುದು. ಹಿಂದೆ ಟನ್ನುಗಟ್ಟಲೆ ಕಬ್ಬು ನೂಕುತ್ತಿರುತ್ತದೆಂಬುದಷ್ಟೇ ವ್ಯತ್ಯಾಸ. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಆ ನೂಕು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಬೆನ್ನಿಗೆ ಬೀಳುವುದು. ಟ್ರ್ಯಾಕ್ಟರು ತುಸು ಓರೆಯಾದರೂ ಸಾಕು, ಅದು ಮಡಿಚುಚಾಕುವಿನಂತೆ ಟ್ರೇಲರಿನತ್ತ ಮಡಿಚಿಕೊಳ್ಳುವುದು. ಚಿಲಕ ಹಾಕಿದರೂ ಎರಡು ಪೆಡಲ್ಲುಗಳ ಸಡಿಲವು ಸಮನಾಗಿಲ್ಲದಿದ್ದರೆ ಒಂದು ಗಾಲಿ ಮೊದಲು ಹಿಡಿಯುವುದು. ಇದನ್ನು ಪರೀಕ್ಷಿಸಲು ಕಾಟಾ ಬೇಡ, ಸೂತ್ರ ಬೇಡ. ಹಂಗಾಮಿನ ಮುನ್ನ, ಟ್ರೇಲರ್ ಕಳಚಿ, ಮಣ್ಣಿನ ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಓಡಿಸಿ, ಕೂಡಿಸಿದ ಪೆಡಲ್ಲನ್ನು ತುಳಿದು, ಇಳಿದು ಬಂದು ಎರಡು ಟೈರುಗಳ ಗೀರುಗಳ ಉದ್ದವನ್ನು ಗೇಣಿನಿಂದ ಅಳೆದರೆ ಸಾಕು. ಅರ್ಧ ತಾಸಿನ ಕೆಲಸ. ಟ್ರ್ಯಾಕ್ಟರುಳ್ಳ ಪಾಲಕರ ಮನೆಗಳಲ್ಲಿ ಈ ಪ್ರಯೋಗವನ್ನು ಹಿರಿಯರ ಸಮಕ್ಷಮದಲ್ಲಿ ಮಾಡಿ ಬರೆದುಕೊಂಡು ಬರುವಂತೆ ಮಕ್ಕಳಿಗೆ ಹೇಳಬಹುದೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ.

ಹುಡುಗನ ಗಾಡಿಯ ಪಟ್ಟಿಯಲ್ಲಿದ್ದ ಎರಡು ತೂತುಗಳ ವಿಷಯದಲ್ಲಿ ನನಗೆ ಒಂದು ಅಳುಕು ಉಳಿದಿತ್ತು. ದಿನಕ್ಕೆ ಎರಡು ಸಲ ಪಿನ್ನು ಬದಲಿಸುವುದನ್ನು ಯಾವ ಮನುಷ್ಯನೂ ತಪ್ಪದೆ ಮಾಡಲಾರನು. ಬರಿದಾದ ಗಾಡಿಯ ತೂತಿನಲ್ಲಿ ಪಿನ್ನು ಇದ್ದಾಗ ಹಾಲು ಹೇರಿದರೆ ಮತ್ತೆ ಬಲಕ್ಕೆ, ಎದುರು ವಾಹನದ ಕಡೆಗೇ ಹೊರಳುವುದು. ಮರೆತರೂ ಎಡಕ್ಕೆ ಮರೆಯುವಂತಾಗಬೇಕು. ಆದುದರಿಂದ ಒಂದು ಕಟ್ಟಳೆ ಮಾಡಿದೆವು: ಮೊದಲ ಕ್ಯಾನು ಹಲಗೆಯ ಮೇಲೇರುವ ಮುನ್ನ ಪಿನ್ನು ನಡುವಿನ ತೂತಿಗೆ ಬಂದಿರಲೇಬೇಕು, ಡೈರಿಯಲ್ಲಿ ಹಾಲು ಇಳಿಸಿದ ಮೇಲೆ ಬದಲಿಸುವುದು ನೆನಪಾದರೆ ಸರಿ, ಇಲ್ಲವಾದರೆ ಮೆಲ್ಲಗೆ ಬರುವುದು. ಅವನು ನಡುವಿನ ತೂತಿನ ಸುತ್ತ ಬಿಳಿ ಬಣ್ಣ ಬಳಿದು, ಕ್ಯಾನು ಬಿಗಿಯುವ ಸರಪಳಿಯ ಕೀಲಿಯನ್ನು ಆ ಪಿನ್ನಿನ ಬಳಿಯೇ ತೂಗುಹಾಕಿದನು. ಕೀಲಿಗೆ ಕೈಹಾಕಿದವನಿಗೆ ಪಿನ್ನು ಕಾಣದೆ ಇರದು.

ಕಳೆದ ದೀಪಾವಳಿಗೆ ಮನೆಗೆ ಬಂದಾಗ ಕೇಳಿದೆನು: “ಪಿನ್ನ ಬದಲಿ ಮಾಡ್ತೀಯೇನಪಾ, ಖರೇ ಹೇಳು.”

“ತುಂಬಾಗ ತಪ್ಪಂಗಿಲ್ರಿ, ಗುರುಗಳ. ಇಳಿಸಿದ ಮ್ಯಾಲ ಒಂದೊಂದ ದಿನ ಮರೀತೇನ್ರಿ. ಮರತ ದಿನ ಗಾಡಿನ ಎಡಕ್ಕ ಜಗ್ಗಿ ನೆನಪ ಮಾಡತೈತ್ರಿ.”